ಆಕಾಶಕ್ಕೆಷ್ಟು ಬಾಡಿಗೆ?

ಗುಂಡ್ಲುಪೇಟೆಯ ಯಾವುದಾದರೂ ಎತ್ತರದ ತಾರಸಿಯ ಮೇಲೆ ನಿಂತು ಸುತ್ತಲಿನ ಮನೆಗಳನ್ನು ನೋಡಿದರೆ ನಮ್ಮ ಟಿವಿಯ ಚರಿತ್ರೆಯೆಲ್ಲ ಅಲ್ಲೇ ಕಾಣಸಿಗುತ್ತದೆ. ಒಂದು ಹೆಂಚಿನ ಮನೆಯ ಮೂಲೆಯಲ್ಲಿ ಹಳೆಯ ಕಬ್ಬಿಣದ ಕೊಳವೆ ಇನ್ನೂ ನಿಂತಿದೆ. ಅದರ ತುದಿಯಲ್ಲಿದ್ದ ಮೀನಿನ ಮುಳ್ಳಿನಂತಹ ಆ್ಯಂಟೆನಾದ ಎರಡು ಕಡ್ಡಿಗಳಷ್ಟೇ ಉಳಿದಿವೆ. ಪಕ್ಕದ ಮನೆಯಿಂದ ಈ ಮನೆಗೆ ಜೋತುಬಿದ್ದಿರುವುದು ಕೇಬಲ್‌ನ ಕರಿ ತಂತಿ, ಈಗ ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ. ಆಚೆ ಕಂಪನಿಗಳ ಹೆಸರು ಹೊತ್ತ ಡಿಶ್‌ಗಳಿವೆ. ಕೆಲವಕ್ಕೆ ತುಕ್ಕು ಹಿಡಿದಿದೆ, ಕೆಲವನ್ನು ಯಾರೋ ಬೇರೆ ದಿಕ್ಕಿಗೆ ತಿರುಗಿಸಿ ಸರಕಾರದ ಉಚಿತ ಡಿಶ್ ಮಾಡಿಕೊಂಡಿದ್ದಾರೆ. ಕೆಳಗೆ ಅಂಗಳದಲ್ಲಿ ಕುಳಿತ ಹುಡುಗನಿಗೆ ಇದಾವುದೂ ಬೇಡ. ಅವನ ಟಿವಿ ಅವನ ಅಂಗೈಯಲ್ಲೇ ಇದೆ.

ತಿಂಗಳ ರೀಚಾರ್ಜು ಬಿಟ್ಟು ಉಚಿತ ಡಿಶ್‌ಗೋ ಮೊಬೈಲ್‌ಗೋ ಬದಲಾಗುವವರ ಸಂಖ್ಯೆ ದೇಶದಾದ್ಯಂತ ಹೆಚ್ಚುತ್ತಿದೆ. 2020ರ ಕೊನೆಗೆ ಸುಮಾರು 7 ಕೋಟಿ ಇದ್ದ ಹಣ ತೆರುವ ಡಿಟಿಎಚ್ ಚಂದಾದಾರರು 2024ರ ಕೊನೆಯ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದಿದ್ದರು. ಇದನ್ನು ನಾವು ಮನೆಖರ್ಚಿನ ಲೆಕ್ಕವೆಂದಷ್ಟೇ ತಿಳಿಯುತ್ತೇವೆ. ಅದು ನಿಜವೂ ಹೌದು. ಆದರೆ ಆಕಾಶದಿಂದ ಬರುವ ಚಿತ್ರಕ್ಕೆ ಬೆಲೆ ಯಾವಾಗ ಬಂತು, ಯಾರು ಕಟ್ಟಿದರು, ಯಾವಾಗ ಅದು ಉಚಿತವಾಗಿತ್ತು ಎಂಬುದನ್ನು ಒಮ್ಮೆ ಹಿಂತಿರುಗಿ ನೋಡಿದರೆ, ಇಂದಿನ ಅಗ್ಗದ ಟಿವಿಗೂ ಒಂದು ಬೆಲೆಯಿದೆ, ಅದನ್ನು ಬಡವರು ಬೇರೊಂದು ನಾಣ್ಯದಲ್ಲಿ ತೆರುತ್ತಿದ್ದಾರೆ ಎಂಬುದು ಅರಿವಾಗುತ್ತದೆ.

ಪೋಸ್ಟಾಫೀಸಿನ ಲೈಸೆನ್ಸು

1997ರಲ್ಲಿ ಚಾಮರಾಜನಗರ ಜಿಲ್ಲೆ ಆಗುವವರೆಗೆ ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತಾಲೂಕಾಗಿತ್ತು. ಆದ್ದರಿಂದ ಈ ಕಥೆಯನ್ನು ಮೈಸೂರಿನಿಂದಲೇ ಆರಂಭಿಸಬೇಕು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್‌ನ ಪ್ರಸಾರ ಯಂತ್ರವೊಂದನ್ನಿಟ್ಟುಕೊಂಡು ರೇಡಿಯೊ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಸಂದಿತು. ಮೇಷ್ಟರು ಅದನ್ನು ಲಾಭಕ್ಕಾಗಿ ನಡೆಸಿದವರಲ್ಲ. ಸ್ವಂತ ಹಣ, ಊರವರ ನೆರವು, ಕೊನೆಗೆ ಮೈಸೂರು ಸಂಸ್ಥಾನದ ಆಶ್ರಯ, ಹೀಗೆ ಅದು ಉಳಿಯಿತು. ಆಕಾಶದ ಮಾತು ಊರಿನವರೆಲ್ಲರ ಕಿವಿಗೆ ಬೀಳಬೇಕಾದರೆ ಯಾರಾದರೂ ಒಬ್ಬರು ಅದರ ಖರ್ಚನ್ನು ಎಲ್ಲರ ಪರವಾಗಿ ಹೊರಬೇಕು ಎಂಬ ಪಾಠ ನಮ್ಮ ಸೀಮೆಗೆ ಅಂದೇ ಸಿಕ್ಕಿತ್ತು.

ಸ್ವಾತಂತ್ರ್ಯಾನಂತರವೂ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಬರಬೇಕಾಗಿತ್ತು. ಟಿವಿ ಬಂದಾಗ ಅದಕ್ಕೂ ಇದೇ ವ್ಯವಸ್ಥೆ. ಇಂದಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಆದರೆ ಲೈಸೆನ್ಸಿಲ್ಲದೆ ರೇಡಿಯೊ ಕೇಳುವುದು ಅಂದು ಕಾನೂನಿಗೆ ವಿರುದ್ಧ. 1980ರ ದಶಕದ ಮಧ್ಯದಲ್ಲಿ ಈ ಲೈಸೆನ್ಸು ರದ್ದಾಯಿತು. ಆಗ ಮೊದಲ ಬಾರಿಗೆ, ಪೆಟ್ಟಿಗೆ ಕೊಂಡವನಿಗೆ ಚಿತ್ರ ಪೂರಾ ಉಚಿತವಾಯಿತು.

ರಾಯಚೂರಿನ ರೈತರು ಕಂಡ ಉಪಗ್ರಹ

ಉಪಗ್ರಹ ಟಿವಿ ಎಂದೊಡನೆ ನಾವು 1990ರ ನಂತರದ ಖಾಸಗಿ ವಾಹಿನಿಗಳನ್ನು ನೆನೆಯುತ್ತೇವೆ. ಆದರೆ ಕರ್ನಾಟಕದಲ್ಲಿ ಉಪಗ್ರಹದಿಂದ ನೇರವಾಗಿ ಟಿವಿ ನೋಡಿದ ಮೊದಲಿಗರು ಬೆಂಗಳೂರಿನ ಸಾಹುಕಾರರಲ್ಲ. ಅವರು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆಗಳನ್ನು ಕೊಡಲಾಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆಯಲಾಗಿತ್ತು. ಕೋಳಿಗೂಡಿಗೆ ಬಳಸುವಂತಹ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಡಿಶ್‌ಗಳು ಶಾಲೆ, ಪಂಚಾಯಿತಿ ಕಟ್ಟಡಗಳ ಬಳಿ ನಿಂತವು. ಸಂಜೆಯಾದರೆ ಊರೇ ಅಲ್ಲಿ ಸೇರುತ್ತಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಜೊತೆಗಿಷ್ಟು ಮನರಂಜನೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು. ಆದ್ದರಿಂದ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸಲು ಸಾಧ್ಯವಿತ್ತು. ಪ್ರಯೋಗವನ್ನು ರೂಪಿಸಿದವರು ಹಿಂದಿಯ ಜೊತೆಗೆ ಒಡಿಯಾ, ತೆಲುಗು, ಕನ್ನಡಗಳಿಗೂ ಜಾಗ ಮಾಡಿಕೊಟ್ಟಿದ್ದರು. ಬಡವನಿಗೆ ಉಚಿತವಾಗಿ ಕೊಡುವುದಾದರೆ ಅವನ ಭಾಷೆಯಲ್ಲೇ ಕೊಡಬೇಕು ಎಂಬುದು ಅವರಿಗೆ ಸಹಜವಾಗಿ ಕಂಡಿತ್ತು. ವರ್ಷ ಮುಗಿದ ಮೇಲೆ ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ಟಿವಿ ಪ್ರಸಾರ ಕೇಂದ್ರ ಬಂದದ್ದು ಆ ಪ್ರಯೋಗದ ಮುಂದುವರಿಕೆಯಾಗಿಯೇ.

ಒಂದೇ ಪೆಟ್ಟಿಗೆಯ ಮುಂದೆ

ನಮ್ಮ ದಕ್ಷಿಣ ಸೀಮೆಗೆ ಟಿವಿ ಬಂದದ್ದು 1980ರ ದಶಕದಲ್ಲಿ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಪ್ರಸಾರ ಬಂತು. 1984ರಲ್ಲಂತೂ ಕೆಲವು ತಿಂಗಳ ಕಾಲ ದೇಶದಲ್ಲಿ ದಿನಕ್ಕೊಂದರಂತೆ ಸಣ್ಣ ಮರುಪ್ರಸಾರ ಕೇಂದ್ರಗಳು ತೆರೆದವು. ಕೇಂದ್ರದಿಂದ ದೂರವಿದ್ದ ಊರುಗಳಲ್ಲಿ ಕೊಳವೆಯ ಮೇಲೆ ಕೊಳವೆ ಜೋಡಿಸಿ ಆ್ಯಂಟೆನಾ ಏರಿಸುವುದೇ ಒಂದು ಸಂಭ್ರಮ. ಒಬ್ಬ ಮೇಲೆ ನಿಂತು ತಿರುಗಿಸಬೇಕು, ಒಬ್ಬ ಕಿಟಕಿಯಲ್ಲಿ, ಇನ್ನೊಬ್ಬ ಪೆಟ್ಟಿಗೆಯ ಮುಂದೆ. 'ಬಂತು ಬಂತು' ಎನ್ನುವಷ್ಟರಲ್ಲಿ ಗಾಳಿ ಬೀಸಿ ಮತ್ತೆ ಹೋಗುತ್ತಿತ್ತು.

ಬೀದಿಗೊಂದೋ ಎರಡೋ ಪೆಟ್ಟಿಗೆಗಳಿದ್ದ ಕಾಲ. 1988ರ ಅಕ್ಟೋಬರ್‌ನಿಂದ 1990ರವರೆಗೆ 'ಮಹಾಭಾರತ' ಬರುತ್ತಿದ್ದ ಭಾನುವಾರದ ಬೆಳಿಗ್ಗೆ, ಟಿವಿ ಇದ್ದ ಮನೆಯವರು ಹಿಂದೂವೋ ಮುಸಲ್ಮಾನರೋ ಎಂದು ಯಾರೂ ಕೇಳುತ್ತಿರಲಿಲ್ಲ. ಚಪ್ಪಲಿಗಳ ರಾಶಿ ನೋಡಿ ಒಳಗೆ ನುಗ್ಗುತ್ತಿದ್ದರು. ಆ ಧಾರಾವಾಹಿಯ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಎಂಬ ಉರ್ದು-ಹಿಂದಿ ಲೇಖಕರು ಎಂಬುದು ಬಹಳ ಮಂದಿಗೆ ತಿಳಿದಿರಲಿಲ್ಲ, ತಿಳಿದವರಿಗೆ ಅದೊಂದು ವಿಶೇಷವಾಗಿಯೂ ಕಾಣಲಿಲ್ಲ. 1990ರಲ್ಲಿ ಸಂಜಯ್ ಖಾನ್ ಅವರ 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬಂತು. ಅದರ ಚಿತ್ರೀಕರಣದ ವೇಳೆ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡಿದ್ದರು. ಮೈಸೂರಿನಿಂದ ಅರವತ್ತು ಕಿಲೋಮೀಟರ್ ದೂರದ ಗುಂಡ್ಲುಪೇಟೆಯಲ್ಲಿ ಆ ಧಾರಾವಾಹಿ ನೋಡುತ್ತಿದ್ದ ದೊಡ್ಡವರು ಆ ದುರಂತವನ್ನು ನೆನೆಯದೆ ಇರುತ್ತಿರಲಿಲ್ಲ.

ಆ ಕಾಲವನ್ನು ನಾನು ವೈಭವೀಕರಿಸಲಾರೆ. ದೂರದರ್ಶನ ಸರಕಾರದ ತುತ್ತೂರಿಯಾಗಿತ್ತು, ಹಿಂದಿಯೇ ಹೆಚ್ಚಿತ್ತು, ಕನ್ನಡಕ್ಕೆ ಸಂಜೆಯ ಕೆಲವು ಗಂಟೆ ಮಾತ್ರ. ಆದರೂ ಒಂದು ಗುಣವಿತ್ತು. ಇದ್ದದ್ದೊಂದೇ ಆದ್ದರಿಂದ, ಇದ್ದವನೂ ಇಲ್ಲದವನೂ ಅದನ್ನೇ ನೋಡುತ್ತಿದ್ದರು. ಮರುದಿನ ಟೀ ಅಂಗಡಿಯಲ್ಲಿ ಮಾತಾಡಲು ಎಲ್ಲರಿಗೂ ಒಂದೇ ವಿಷಯವಿರುತ್ತಿತ್ತು.

ಕರಿ ತಂತಿಯ ಕಾಲ

1991ರ ಕೊಲ್ಲಿ ಯುದ್ಧವನ್ನು ಜಗತ್ತು ಟಿವಿಯಲ್ಲಿ ನೇರವಾಗಿ ನೋಡಿತು. ಅದೇ ವರ್ಷ ಸ್ಟಾರ್ ಟಿವಿ, 1992ರಲ್ಲಿ ಝೀ, 1993ರಲ್ಲಿ ತಮಿಳಿನ ಸನ್ ಮತ್ತು ಮಲಯಾಳದ ಏಷ್ಯಾನೆಟ್, 1994ರಲ್ಲಿ ಕನ್ನಡದ ಉದಯ. ಕೇರಳ, ತಮಿಳುನಾಡು ಎರಡೂ ಗಡಿಗಳಿಗೆ ಹೊಂದಿಕೊಂಡ ಗುಂಡ್ಲುಪೇಟೆಯಂತಹ ತಾಲೂಕಿಗೆ ಈ ಎಲ್ಲ ಭಾಷೆಗಳೂ ಪರಿಚಿತವೇ. ಚೆಂಡುಹೂವು, ತರಕಾರಿ ಕೊಳ್ಳಲು ಬರುವ ವ್ಯಾಪಾರಿಗಳ ಜೊತೆ ನಿತ್ಯ ಕೇಳುವ ಭಾಷೆಗಳು ಈಗ ಪೆಟ್ಟಿಗೆಯಲ್ಲೂ ಕೇಳಿಸತೊಡಗಿದವು. ಸಣ್ಣ ಊರುಗಳಲ್ಲಿ ಕೆಲಸವಿಲ್ಲದ ಚುರುಕು ಹುಡುಗರೇ ದೊಡ್ಡ ಡಿಶ್ ಇಟ್ಟು, ಮರದಿಂದ ಮರಕ್ಕೆ ತಂತಿ ಎಳೆದು ಕೇಬಲ್ ಮಾಲೀಕರಾದರು. ತಿಂಗಳ ಹಣ ಕೊಡಲು ಆಗದಿದ್ದರೆ 'ಮುಂದಿನ ತಿಂಗಳು ಕೊಡಿ ಬಿಡಕ್ಕ' ಎಂದು ಹೇಳಿ ಹೋಗುವಷ್ಟು ಪರಿಚಯ ಅವರಿಗೆ ಮನೆಮನೆಯಲ್ಲೂ ಇತ್ತು.

1995ರಲ್ಲಿ ಕೇಬಲ್ ಜಾಲಗಳ ಕಾಯಿದೆ ಬಂತು. ಕೇಬಲ್ ನಡೆಸುವವರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು, ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ತೋರಿಸಬೇಕು ಎಂದಿತು ಕಾನೂನು. ಅದೇ ವರ್ಷ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ ಕ್ರಿಕೆಟ್ ಪಂದ್ಯಗಳ ಪ್ರಸಾರದ ಮೊಕದ್ದಮೆಯೊಂದರಲ್ಲಿ ಬಹು ದೊಡ್ಡ ಮಾತು ಹೇಳಿತು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ. ಅವು ಸರಕಾರದ ಏಕಸ್ವಾಮ್ಯವೂ ಅಲ್ಲ, ಹಣವಂತರ ಏಕಸ್ವಾಮ್ಯವೂ ಆಗಕೂಡದು. ಜನಹಿತಕ್ಕಾಗಿ ಅವುಗಳನ್ನು ಬಳಸುವ ವ್ಯವಸ್ಥೆ ಆಗಬೇಕು. ಈ ತೀರ್ಪಿನ ಮೊದಲರ್ಧವನ್ನು ದೇಶ ಚೆನ್ನಾಗಿ ಪಾಲಿಸಿತು. ಸರಕಾರದ ಏಕಸ್ವಾಮ್ಯ ಹೋಯಿತು, ನೂರಾರು ವಾಹಿನಿಗಳು ಬಂದವು. ಎರಡನೆಯ ಅರ್ಧದ ಗತಿ ಏನಾಯಿತು ಎಂಬುದನ್ನು ಮುಂದೆ ನೋಡೋಣ.

ಬೆಲೆಪಟ್ಟಿ ಬಂತು

ಮನೆಯ ಮೇಲೆ ಸಣ್ಣ ಡಿಶ್ ಇಟ್ಟು ನೇರವಾಗಿ ಉಪಗ್ರಹದಿಂದ ಟಿವಿ ನೋಡುವುದನ್ನು 1997ರಲ್ಲಿ ಸರಕಾರ ನಿಷೇಧಿಸಿತ್ತು. 2000ದಲ್ಲಿ ಅನುಮತಿ ಸಿಕ್ಕಿತು. 2003ರಲ್ಲಿ ಮೊದಲ ಖಾಸಗಿ ಡಿಟಿಎಚ್ ಸೇವೆ ಆರಂಭವಾಯಿತು, 2006ರಿಂದ 2009ರೊಳಗೆ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಬಂದವು. ಇವುಗಳ ನಡುವೆ ಸದ್ದಿಲ್ಲದೆ ಒಂದು ಘಟನೆ ನಡೆಯಿತು. 2004ರ ಡಿಸೆಂಬರ್ 16ರಂದು ಪ್ರಸಾರ ಭಾರತಿ 33 ವಾಹಿನಿಗಳ 'ಡಿಡಿ ಡೈರೆಕ್ಟ್ ಪ್ಲಸ್' ಆರಂಭಿಸಿತು. ಡಿಶ್ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಇಂದು ನಾವು 'ಡಿಡಿ ಫ್ರೀ ಡಿಶ್' ಎನ್ನುವುದು ಇದನ್ನೇ. ಅದರ ಚಿತ್ರಗಳನ್ನು ಹೊತ್ತ ಜೀಸ್ಯಾಟ್-15 ಉಪಗ್ರಹ 2015ರಲ್ಲಿ ಹಾರಿತು, ಅದರ ಕಡಿವಾಣವಿರುವುದು ನಮ್ಮ ಹಾಸನದ ಇಸ್ರೋ ಕೇಂದ್ರದಲ್ಲಿ.

ಕೇಬಲ್‌ಗೂ ಡಿಜಿಟಲ್ ಪೆಟ್ಟಿಗೆ ಕಡ್ಡಾಯವಾಯಿತು. 2013ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ, ಆಮೇಲೆ ಸಣ್ಣ ಪಟ್ಟಣಗಳಲ್ಲಿ, 2017ರ ಹೊತ್ತಿಗೆ ಹಳ್ಳಿಗಳಲ್ಲಿ. 2019ರ ಫೆಬ್ರವರಿಯಿಂದ ನಿಯಂತ್ರಣ ಪ್ರಾಧಿಕಾರ ಹೊಸ ದರ ಜಾರಿ ಮಾಡಿತು. ನೋಡುವ ವಾಹಿನಿಗಷ್ಟೇ ಹಣ ಕೊಡಿ ಎಂಬುದು ಅದರ ಆಶಯ, ಒಳ್ಳೆಯ ಆಶಯವೇ. ಆದರೆ ಏನೂ ಆರಿಸದಿದ್ದರೂ ಮೊದಲ 100 ವಾಹಿನಿಗಳ ಜಾಲಕ್ಕೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ವಾಹಿನಿಗಳ ಬೆಲೆ ಬೇರೆ. ಗೊಂಚಲಿನಲ್ಲಿ ಸೇರಿಸುವ ಒಂದೊಂದು ವಾಹಿನಿಗೆ 19 ರೂಪಾಯಿವರೆಗೆ ಬೆಲೆ ಇಡಬಹುದಿತ್ತು, ಜನಪ್ರಿಯ ಕನ್ನಡ ವಾಹಿನಿಗಳು ಆ ಗರಿಷ್ಠ ಬೆಲೆಯ ಸನಿಹಕ್ಕೇ ನಿಂತವು. 'ಮುಂದಿನ ತಿಂಗಳು ಕೊಡಿ' ಎನ್ನುವ ಕೇಬಲ್ ಹುಡುಗನ ಜಾಗದಲ್ಲಿ ದಿನ ಮುಗಿದೊಡನೆ ತಾನೇ ಕತ್ತಲಾಗುವ ಪೆಟ್ಟಿಗೆ ಬಂತು.

ಈ ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ತಿಂಗಳುಗಟ್ಟಲೆ ಇಂಟರ್ನೆಟ್ಟನ್ನು ಪುಕ್ಕಟೆ ಹಂಚಿತು. 2023ರಲ್ಲಿ ಐಪಿಎಲ್ ಪಂದ್ಯಗಳೂ ಮೊಬೈಲಿನಲ್ಲಿ ಉಚಿತವಾದವು. ಹುಡುಗರು ಟಿವಿಯತ್ತ ತಿರುಗಿ ನೋಡುವುದನ್ನೇ ಬಿಟ್ಟರು. ಆದರೆ ಆ ಉಚಿತ ಕಂಪನಿಯ ಕೊಡುಗೆ, ನಮ್ಮ ಹಕ್ಕಲ್ಲ. 2025ರಲ್ಲಿ ಎರಡು ದೊಡ್ಡ ಸ್ಟ್ರೀಮಿಂಗ್ ಸೇವೆಗಳು ಒಂದಾದ ಮೇಲೆ ಪೂರ್ತಿ ಉಚಿತ ಕ್ರಿಕೆಟ್‌ನ ಬಾಗಿಲೂ ಕಿರಿದಾಯಿತು.

ಇನ್ನೊಂದು ಬಾಗಿಲು ಯಾರಿಗೂ ತಿಳಿಯದಂತೆ ಮುಚ್ಚಿತು. ಹಳೆಯ ಆ್ಯಂಟೆನಾಗಳಿಗೆ ಚಿತ್ರ ಕಳಿಸುತ್ತಿದ್ದ ದೂರದರ್ಶನದ ನೆಲದ ಪ್ರಸಾರ ಕೇಂದ್ರಗಳನ್ನು, ಗಡಿ ಮುಂತಾದ ಆಯಕಟ್ಟಿನ ಕೆಲವನ್ನು ಬಿಟ್ಟು, 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸಲಾಯಿತು. ಡಿಶ್ ಇಲ್ಲದೆ, ಇಂಟರ್ನೆಟ್ ಇಲ್ಲದೆ ಬರುತ್ತಿದ್ದ ಚಿತ್ರದ ಕಾಲ ನಮ್ಮಲ್ಲಿ ಅಲ್ಲಿಗೆ ಮುಗಿಯಿತು. ಹೆಂಚಿನ ಮನೆಯ ಆ ಕಬ್ಬಿಣದ ಕೊಳವೆಗೆ ಈಗ ಹಿಡಿಯಲು ಏನೂ ಇಲ್ಲ.

ಉಚಿತದ ಭಾಷೆ

ಹಾಗಾದರೆ ಬಡವನಿಗೆ ಉಳಿದ ದಾರಿ ಫ್ರೀ ಡಿಶ್. 2022ರ ಅಂದಾಜಿನಂತೆ ದೇಶದ ಸುಮಾರು ನಾಲ್ಕೂವರೆ ಕೋಟಿ ಮನೆಗಳಲ್ಲಿ ಅದಿತ್ತು. ಆದರೆ ಅದರಲ್ಲಿ ಖಾಸಗಿ ವಾಹಿನಿಗೆ ಜಾಗ ಸಿಗಬೇಕಾದರೆ ಹರಾಜಿನಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಗಬೇಕು. ಅಷ್ಟು ಹಣ ಕೊಟ್ಟವನು ಜಾಹೀರಾತಿನಿಂದ ಅದನ್ನು ಹಿಂದಕ್ಕೆ ಪಡೆಯಬೇಕು, ಅದಕ್ಕೆ ಅತಿ ದೊಡ್ಡ ಸಂತೆ ಹಿಂದಿಯದು. ಹೀಗಾಗಿ ಅಲ್ಲಿನ ಬಹುಪಾಲು ಖಾಸಗಿ ವಾಹಿನಿಗಳು ಹಿಂದಿಯವು. ನಮ್ಮ ಜನಪ್ರಿಯ ಕನ್ನಡ ಮನರಂಜನಾ ವಾಹಿನಿಗಳು ಹಣ ತೆರುವವು, ಅವು ಫ್ರೀ ಡಿಶ್‌ನಲ್ಲಿ ಬರುವುದಿಲ್ಲ. ಕನ್ನಡಿಗನ ಪಾಲಿಗೆ ಮುಖ್ಯ ಆಸರೆ ದೂರದರ್ಶನದ ಚಂದನ ಒಂದೇ.

ಇದರ ಪರಿಣಾಮ ನಾನು ಬಲ್ಲ ಒಂದು ಬೀದಿಯಲ್ಲಿ ಕಾಣುತ್ತದೆ. ಗೋಡೆಗೆ ಗೋಡೆ ತಾಗಿದ ಎರಡು ಮನೆಗಳು. ಒಂದರಲ್ಲಿ ಮನೆಮಾತು ದಖ್ಖನಿ ಉರ್ದು, ಇನ್ನೊಂದರಲ್ಲಿ ಕನ್ನಡ. ಇಬ್ಬರಿಗೂ ಕೂಲಿಯೇ ಜೀವನ. ಇಬ್ಬರೂ ರೀಚಾರ್ಜು ಬಿಟ್ಟು ಫ್ರೀ ಡಿಶ್ ಹಾಕಿಸಿಕೊಂಡರು. ಉರ್ದು ಮನೆಯವರಿಗೆ ಹಿಂದಿ ಧಾರಾವಾಹಿ ತೊಡಕಿಲ್ಲದೆ ಅರ್ಥವಾಗುತ್ತದೆ, 2006ರಲ್ಲಿ ಆರಂಭವಾದ ಡಿಡಿ ಉರ್ದು ಕೂಡ ಅಲ್ಲೇ ಸಿಗುತ್ತದೆ. ಪಕ್ಕದ ಮನೆಯ ಅಜ್ಜಿ ಎರಡು ದಿನ ಗುಂಡಿ ಒತ್ತಿ ಒತ್ತಿ ನೋಡಿ, 'ಇದ್ರಲ್ಲಿ ಬರೀ ಇಂದಿಯೇ ಬತ್ತದ ಕನವ್ವ, ನಮ್ಮ ಮಾತು ಎಲ್ಲದ?' ಎಂದರು. ಮೊದಲು ಕೇಬಲ್ ಇದ್ದಾಗ ಈ ಎರಡೂ ಮನೆಯ ಹೆಂಗಸರು ಒಂದೇ ಕನ್ನಡ ಧಾರಾವಾಹಿ ನೋಡಿ, ಮಾರನೆಯ ದಿನ ನಲ್ಲಿಯ ಬಳಿ ಅತ್ತೆ-ಸೊಸೆಯರ ತಪ್ಪು-ಒಪ್ಪು ಚರ್ಚಿಸುತ್ತಿದ್ದರು. ಉರ್ದು ಮನೆಯ ಸೊಸೆಯಂದಿರು ಕನ್ನಡವನ್ನು ತಿದ್ದಿಕೊಂಡದ್ದೇ ಆ ಧಾರಾವಾಹಿಗಳಿಂದ. ಈಗ ಒಬ್ಬರು ನೋಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಉಳಿಯಿತು, ಆದರೆ ನಲ್ಲಿಯ ಬಳಿ ಹಂಚಿಕೊಳ್ಳುವ ಒಂದು ಮಾತು ಕಳೆಯಿತು. ಗೋಡೆಗೆ ಗೋಡೆ ತಾಗಿದವರ ನಡುವೆ ಅಂತರ ಹೆಚ್ಚಿಸಲು ಹೊರಗಿನ ಪ್ರಯತ್ನಗಳೇ ಬೇಕಾದಷ್ಟಿರುವ ಈ ದಿನಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಮೊಬೈಲಿನಲ್ಲಿ ಕನ್ನಡ ಧಾರಾಳವಾಗಿದೆಯಲ್ಲ ಎನ್ನಬಹುದು. ಇದೆ. ಆದರೆ ಅದು ಒಬ್ಬೊಬ್ಬರ ಕಿವಿಗೆ, ಒಬ್ಬೊಬ್ಬರ ಅಂಗೈಗೆ. ಜೊತೆಗೆ ಬಂಡೀಪುರದ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಎಲ್ಲೆಡೆ ಒಂದೇ ಸಮನಾಗಿ ಸಿಗುವುದಿಲ್ಲ. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಇದರ ಅರ್ಥ ಎಲ್ಲರಿಗೂ ತಿಳಿಯಿತು. ಫೋನು ಇಲ್ಲದ, ಇದ್ದರೂ ಸಿಗ್ನಲ್ ಇಲ್ಲದ ಮಕ್ಕಳಿಗೆ ಆ ಜುಲೈಯಿಂದ ಚಂದನ ವಾಹಿನಿ ಕನ್ನಡದಲ್ಲಿ ಪಾಠ ಹೇಳಿತು. ರೀಚಾರ್ಜು ಕೇಳದ ಒಂದು ಕನ್ನಡ ವಾಹಿನಿ ಇದ್ದದ್ದರಿಂದ ಅದು ಸಾಧ್ಯವಾಯಿತು.

ನೀರು ಮತ್ತು ತರಂಗ

ಬೇರೆ ನಾಡುಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿದರು? ಬ್ರಿಟನ್ನಿನ ವೇಲ್ಸ್ ಪ್ರಾಂತದ ಜನ ತಮ್ಮ ಭಾಷೆಗೊಂದು ವಾಹಿನಿ ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಹಲವರು ಟಿವಿ ಲೈಸೆನ್ಸಿನ ಹಣ ಕಟ್ಟಲು ನಿರಾಕರಿಸಿದರು. 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಎಂಬ ನಾಯಕ ಆಮರಣ ಉಪವಾಸದ ಎಚ್ಚರಿಕೆ ಕೊಟ್ಟರು. ಸರಕಾರ ಮಣಿಯಿತು. 1982ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ವೆಲ್ಷ್ ಭಾಷೆಯ 'ಎಸ್4ಸಿ' ವಾಹಿನಿ ಆರಂಭವಾಯಿತು. ಇಂದಿಗೂ ವೇಲ್ಸ್‌ನಲ್ಲಿ ತಿಂಗಳ ಚಂದಾ ಇಲ್ಲದ ವಾಹಿನಿಗಳ ಸಾಲಿನಲ್ಲೇ ಅದು ಸಿಗುತ್ತದೆ. ವೇಲ್ಸ್‌ನ ಒಟ್ಟು ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗುಂಡ್ಲುಪೇಟೆಯವರೇ ಆದ ಅಬ್ದುಲ್ ನಝೀರ್ ಸಾಬ್ ಅವರನ್ನು ನಾಡು 'ನೀರ್ ಸಾಬ್' ಎಂದು ನೆನೆಯುತ್ತದೆ. 1983ರಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೂ ಕೊಳವೆ ಬಾವಿ ಕೊರೆಸಿದರು. ನೀರು ಕೊಳ್ಳುವ ಶಕ್ತಿ ಇದ್ದವನಿಗಷ್ಟೇ ಎಂದು ಅವರು ಹೇಳಲಿಲ್ಲ, ಕೇರಿಯವರಿಗೂ ಊರಿನವರಿಗೂ ಕೈಪಂಪು ಹಾಕಿಸಿದರು. ಅವರ ಹೆಸರು ಹೊತ್ತ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ 2000ದ ದಶಕದ ಆರಂಭದಿಂದ ಉಪಗ್ರಹದ ಮೂಲಕ ತಾಲೂಕು ಕೇಂದ್ರಗಳಲ್ಲಿ ಕುಳಿತ ಪಂಚಾಯಿತಿ ಸದಸ್ಯರಿಗೆ ಕನ್ನಡದಲ್ಲಿ ತರಬೇತಿ ಕೊಟ್ಟಿತು. ಓದು ಬರಹ ಬಾರದ ಸದಸ್ಯೆಯೂ ಪರದೆಯ ಮೇಲಿನ ಅಧಿಕಾರಿಗೆ ಫೋನಿನಲ್ಲಿ ಪ್ರಶ್ನೆ ಕೇಳಬಹುದಿತ್ತು. ಉಪಗ್ರಹ ಬಡವರಿಗಾಗಿ ಕನ್ನಡ ಮಾತಾಡಬಲ್ಲದು ಎಂಬುದನ್ನು ಕರ್ನಾಟಕ 1975ರಲ್ಲೂ ತೋರಿಸಿದೆ, ಆಮೇಲೂ ತೋರಿಸಿದೆ.

ಆದ್ದರಿಂದ ಕೇಳಬೇಕಾದದ್ದು ಕಷ್ಟದ್ದೇನಲ್ಲ. ಫ್ರೀ ಡಿಶ್‌ನಲ್ಲಿ ಪ್ರತಿ ರಾಜ್ಯಭಾಷೆಗೂ ಹರಾಜಿಗೆ ಹೊರತಾದ ಕೆಲವು ಜಾಗಗಳನ್ನು ಮೀಸಲಿಡಬೇಕು. ಚಂದನಕ್ಕೆ ಒಳ್ಳೆಯ ಧಾರಾವಾಹಿ, ಒಳ್ಳೆಯ ಸಿನಿಮಾ ಕೊಳ್ಳುವಷ್ಟು ಹಣ ಕೊಡಬೇಕು. ರಾಜ್ಯ ಸರಕಾರವೂ ನಮ್ಮ ಸಂಸದರೂ ಇದನ್ನು ದೆಹಲಿಯಲ್ಲಿ ಎತ್ತಬೇಕು. ಅಮೆರಿಕದಿಂದ ಎರವಲು ತಂದ ಉಪಗ್ರಹ ರಾಯಚೂರಿನ ಬಡ ರೈತನಿಗೆ ಕನ್ನಡದಲ್ಲಿ ಮಾತಾಡಿತ್ತು. ಹಾಸನದಿಂದ ನಾವೇ ನಡೆಸುವ ಉಪಗ್ರಹದಲ್ಲಿ ಗುಂಡ್ಲುಪೇಟೆಯ ಅಜ್ಜಿ ತನ್ನ ಮಾತನ್ನು ಹುಡುಕುವ ಸ್ಥಿತಿ ಬರಬಾರದಿತ್ತು. ಅದನ್ನು ಸರಿಪಡಿಸಲು ಈಗಲೂ ತಡವಾಗಿಲ್ಲ.